ಇಟ್ಟು ಹೋದ ನೀರಡಿಕೆ

ಅಂದು ಬೆಳಗ್ಗೆ ಹೊತ್ತು ಮೂಡುವ ಮೊದಲೇ ಬಾವಿಕಟ್ಟೆಯ ಕಲ್ಲು ಬೆಚ್ಚಗಿತ್ತು. ರಾತ್ರಿಯೆಲ್ಲ ಗಾಳಿ ಆಡಿರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಬರಿದಾಗಿತ್ತು, ಮೂಡಲ ದಿಕ್ಕಿನಲ್ಲಿ ಮಾತ್ರ ಹಿತ್ತಾಳೆ ಬಣ್ಣದ ಧೂಳು ನಿಂತಿತ್ತು. ಬಸವಣ್ಣನ ಕಲ್ಲಿನ ಬೆನ್ನಿಗೆ ನಾನು ಸುರಿದ ತಂಬಿಗೆ ನೀರು ಕಣ್ಣೆದುರೇ ಆರಿಹೋಯಿತು. ವಿಭೂತಿ ಹಚ್ಚಿಕೊಂಡರೆ ಹಣೆ ಬೆವರಿ, ಗೆರೆಗಳು ಹುಬ್ಬಿಗೆ ಇಳಿದವು. ಇಂಥ ದಿನ ಬಯಲಿಗೆ ಇಳಿಯಲು ಯಾರಿಗೂ ಮನಸ್ಸಾಗುವುದಿಲ್ಲ. ನನಗೂ ಆಗಲಿಲ್ಲ. ಆದರೆ ಅಕ್ಕ ಆಗಲೇ ಕಟ್ಟೆಯ ಮೇಲೆ ಬಂದು ಕೂತಿದ್ದಳು. ತೊಡೆಯ ಮೇಲೆ ತಾಮ್ರದ ಕೊಡವನ್ನು ಕೂಸಿನ ಹಾಗೆ ಇಟ್ಟುಕೊಂಡು, ಬಾಗಿಸಿ ಬಾಗಿಸಿ ಕುಡಿಯುತ್ತಿದ್ದಳು.

ನಮ್ಮ ಊರು ಬಯಲಿನ ಈ ಅಂಚಿನಲ್ಲಿದೆ. ಆ ಅಂಚಿನಲ್ಲಿ ಇನ್ನೊಂದು ಊರಿದೆ. ನಡುವೆ ಇರುವುದು ಸವುಳು ನೆಲ, ಗಿಡವಿಲ್ಲ, ಹಕ್ಕಿಯಿಲ್ಲ. ರಾತ್ರಿ ಆ ನೆಲ ಇಬ್ಬನಿ ಹೀರಿ ಮೆತ್ತಗಾಗುತ್ತದೆ, ಕಾಲಿಟ್ಟರೆ ಮೊಣಕಾಲ ತನಕ ಹೂತುಹೋಗುತ್ತದೆ. ಬಿಸಿಲು ಬಿದ್ದು ಮೇಲಿನ ಪದರ ಹಪ್ಪಳದ ಹಾಗೆ ಬಿಗಿದ ಮೇಲೆಯೇ ದಾಟಬೇಕು, ಅದೂ ಹಗುರವಾದ ಗಾಡಿಯಲ್ಲಿ. ಇಳಿದ ಲಾರಿಗಳು ಈಗಲೂ ಅಲ್ಲೇ ಇವೆ, ಅವುಗಳ ನೆತ್ತಿಯ ಟಪ್ಪ ಮಾತ್ರ ಕಾಣುತ್ತದೆ. ಅದಕ್ಕೇ ನಮ್ಮೂರಿನ ಗಂಡಸರು ಮೋಟಾರ್‌ಸೈಕಲ್ ಮೇಲೆ ವೀಳ್ಯದೆಲೆಯ ಪೆಂಡಿ ಹೇರಿಕೊಂಡು ಹೋಗುತ್ತಾರೆ. ನಮ್ಮ ಬಾವಿಗಳ ಸುತ್ತ ಎಲೆ ಬೆಳೆಯುತ್ತದೆ, ಆಚೆಯವರಿಗೆ ಎಲೆಯಿಲ್ಲದೆ ಊಟ ಮುಗಿದ ಹಾಗೆ ಆಗುವುದಿಲ್ಲ. ದಾರಿಯುದ್ದಕ್ಕೂ ಪೆಂಡಿಗೆ ಹೊದಿಸಿದ ಗೋಣಿತಟ್ಟಿನ ಮೇಲೆ ನೀರು ಚಿಮುಕಿಸಬೇಕು. ಎಲೆಗೆ ಮೊದಲು, ಮೈಗೆ ಆಮೇಲೆ.

ಬಯಲಿಗೆ ಇಳಿಯುವವನು ತನ್ನ ನೀರಡಿಕೆಯನ್ನು ಮನೆಯವರ ಹತ್ತಿರ ಇಟ್ಟು ಹೋಗುತ್ತಾನೆ. ಬಸವಣ್ಣನ ಮುಂದೆ ಒಂದು ಲೋಟ ನೀರು ತುಂಬಿ, ಅರ್ಧ ತಾನು ಕುಡಿದು, ಉಳಿದರ್ಧವನ್ನು ಹೆಂಡತಿಗೋ ತಾಯಿಗೋ ಕೊಡುತ್ತಾನೆ. ಅವಳು ಕುಡಿದಳೆಂದರೆ ಅವನ ನೀರಡಿಕೆ ಅವಳಲ್ಲಿ ಸೇರಿತು. ತಿರುಗಿ ಬಂದ ಮೇಲೆ ಅವಳು ಅರ್ಧ ಕುಡಿದು ಕೊಡುತ್ತಾಳೆ, ಅವನು ಉಳಿದದ್ದನ್ನು ಕುಡಿದು ತನ್ನದನ್ನು ತಾನು ತೆಗೆದುಕೊಳ್ಳುತ್ತಾನೆ. ಮೂರನೆಯವರ ಬಾಯಿಗೆ ಅದು ಹೋಗುವುದಿಲ್ಲ. ಕಣ್ಣು ತಪ್ಪಿಸಿ ಕುಡಿಸಿದರೂ ಹೋಗುವುದಿಲ್ಲ. ಇಟ್ಟವನೇ ಕೈಯೆತ್ತಿ, ತಿಳಿದು ಕುಡಿಯಬೇಕು. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹಾಡು, ಹಸೆ ಕೇಳುವುದಿಲ್ಲ. ಹುಡುಗಿ ಎಷ್ಟು ಕೊಡ ತಡೆಯುತ್ತಾಳೆ ಎಂದು ಕೇಳುತ್ತಾರೆ. ಯಾರೂ ಇಲ್ಲದವನು ಬಯಲಿಗೆ ಹೋಗುವುದಿಲ್ಲ. ಹೋದರೆ ಅರ್ಧ ದಾರಿಗೇ ನೀರಿನ ಚೀಲವೆಲ್ಲ ಖಾಲಿ ಮಾಡಿ, ಎಲೆಗೆ ಇಟ್ಟ ನೀರನ್ನೂ ಕುಡಿದು, ಕೊನೆಗೆ ದೂರದಲ್ಲಿ ಮಿನುಗುವ ಬಿಸಿಲನ್ನೇ ಕೆರೆಯೆಂದು ಗಾಡಿ ತಿರುಗಿಸುತ್ತಾನೆ.

ಆದರೆ ನೀರಡಿಕೆ ಇಲ್ಲವೆಂದ ಮಾತ್ರಕ್ಕೆ ಮೈಗೆ ನೀರು ಬೇಡವೆಂದಲ್ಲ. ಅದಕ್ಕಾಗಿ ಹಿರಿಯರು ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗುಪ್ಪೆ ಒಟ್ಟಿದ್ದಾರೆ. ಗುಪ್ಪೆ ಬಂತೆಂದರೆ ಇಳಿಯಬೇಕು. ಬೇಕಿರಲಿ ಬಿಡಲಿ ಕುಡಿಯಬೇಕು, ಉಪ್ಪು ಬೆಲ್ಲದ ಉಂಡೆ ಬಾಯಿಗೆ ಹಾಕಿಕೊಳ್ಳಬೇಕು, ಎಂಜಿನ್ನಿಗೆ ಉಸಿರು ಬಿಡಲು ಹೊತ್ತು ಕೊಡಬೇಕು. ಮರೆತವರು ಸಿಕ್ಕಿದ್ದಾರೆ. ಗುಪ್ಪೆಗೆ ಒರಗಿ ಕೂತಿರುತ್ತಾರೆ, ಮುಖದಲ್ಲಿ ಕಷ್ಟದ ಕುರುಹಿರುವುದಿಲ್ಲ, ಪಕ್ಕದಲ್ಲಿ ಚೀಲದ ತುಂಬ ನೀರು. ಅವರ ಸುದ್ದಿಯನ್ನು ಯಾರೂ ಊರಿಗೆ ತರಬೇಕಾಗಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸು ನೀರಿನ ಲೋಟ ಎತ್ತಿ, ಬಾಯಿಯ ಹತ್ತಿರ ತಂದು, ಬೇಡವೆನಿಸಿ ಕೆಳಗಿಡುತ್ತಾಳೆ. ಆಮೇಲೆ ಅಳುತ್ತಾಳೆ. ಇಟ್ಟವನು ಸತ್ತರೆ ಇಟ್ಟದ್ದೂ ಆರಿಹೋಗುತ್ತದೆ.

ನನ್ನ ಅಕ್ಕ ಶಾವಕ್ಕನ ಹತ್ತಿರ ಅವಳ ಗಂಡ ಕಲ್ಮೇಶ ತನ್ನ ನೀರಡಿಕೆ ಇಟ್ಟು ಹೋಗಿ ಹತ್ತು ಬೇಸಗೆಯಾಗಿತ್ತು. ಒಳ್ಳೆಯ ಸವಾರ. ಬಯಲಿನಿಂದ ಬಂದವನು ಗಾಡಿ ನಿಲ್ಲಿಸುವ ಮೊದಲೇ ಕೂಗುತ್ತಿದ್ದ, "ಶಾವೀ, ನನ್ನದು ಕೊಡು." ಅಕ್ಕ ಅರ್ಧ ಕುಡಿದ ಲೋಟ ಹಿಡಿದುಕೊಂಡು ಓಡುತ್ತಿದ್ದಳು. ಅವನು ಕುಡಿದು, ಒಂದು ಗಳಿಗೆ ಕಣ್ಣು ಮುಚ್ಚಿ, "ಈಗ ನೀರು ಕೊಡು" ಎನ್ನುತ್ತಿದ್ದ. ಆ ಎರಡನೆಯ ಮಾತಿಗಾಗಿಯೇ ಅಕ್ಕ ದಿನವೆಲ್ಲ ಕಾದಿರುತ್ತಿದ್ದಳು ಎಂದು ನನಗೆ ತೋರುತ್ತಿತ್ತು.

ಒಂದು ಸಲ ಹೋದವನು ಬರಲಿಲ್ಲ. ಓಣಿಯ ಹೆಂಗಸರು ಬಂದು ಕೂತು ಅಳಲು ಸಿದ್ಧರಾದರು. ಅಕ್ಕ ಅವರೆದುರು ಒಂದು ಚರಿಗೆ ನೀರು ಗಟಗಟ ಕುಡಿದು, "ಅಳಬ್ಯಾಡ್ರವ್ವಾ, ಅದಾರ ಅವ್ರು" ಎಂದಳು. ಅಲ್ಲಿಂದ ಮುಂದೆ ಪ್ರತಿ ಬೆಳಗ್ಗೆ ಎದ್ದ ಕೂಡಲೇ ನೀರಿನ ಮುಂದೆ ಕೂತು, ಬೇಕೆನ್ನಿಸುತ್ತದೋ ಇಲ್ಲವೋ ನೋಡಿಕೊಳ್ಳುತ್ತಿದ್ದಳು. ಎರಡು ಪಾಲು ಬೇಕೆನ್ನಿಸಿದರೆ ಕೈ ಮುಗಿದು ಏಳುತ್ತಿದ್ದಳು. ನಾನು ಲಿಂಗಪೂಜೆಗೆ ಕೂರುವ ಹೊತ್ತಿಗೆ ಅವಳದು ಆ ಪೂಜೆ. ಅವಳದರಲ್ಲಿ ದೇವರು ದಿನವೂ ಉತ್ತರ ಕೊಡುತ್ತಿದ್ದ.

ಆಮೇಲೆ ಎಲೆ ಒಯ್ಯುವವರು ಸುದ್ದಿ ತಂದರು. ಕಲ್ಮೇಶ ಆಚೆ ಊರಿನಲ್ಲಿ ಮನೆ ಹಿಡಿದಿದ್ದಾನೆ, ಮನೆಯಲ್ಲಿ ಒಬ್ಬಳಿದ್ದಾಳೆ. ನಾನೇ ಹೋಗಿ ಕಂಡೆ. ಅವನು ನಕ್ಕು, "ಮುಂದಿನ ತಿಂಗಳ ಬರ್ತೇನಿ ಗುರಾ, ನಿಮ್ಮಕ್ಕಗ ಹೇಳು" ಎಂದ. ಹೋದಾಗಲೆಲ್ಲ ಒಂದು ಮುಂದಿನ ತಿಂಗಳು ಸಿಕ್ಕುತ್ತಿತ್ತು. ನಾನು ಅದನ್ನು ಎಲೆಯ ಹಾಗೆ ಜೋಪಾನವಾಗಿ ತಂದು ಅಕ್ಕನಿಗೆ ಕೊಡುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ನೀನೇ ಹೋಗಿ ಕೊಟ್ಟು ಬಾ ಎಂದು ನನ್ನ ಹೆಂಡತಿ ನೀಲವ್ವ ಹೇಳಿದಾಗ ಮಾತ್ರ ಅಕ್ಕ ಸಿಟ್ಟಾಗಿದ್ದಳು. "ಕೊಟ್ಟ ಮ್ಯಾಲೆ ನನ್ನ ಹತ್ರ ಅವ್ರದು ಏನು ಉಳೀತೈತಿ ಹೇಳು ನೀಲಾ."

ಈ ಬೇಸಗೆ ಅವಳ ಕಾಲು ಬಾತುಕೊಂಡವು. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುತ್ತಿತ್ತು. ಡಾಕ್ಟರಮ್ಮ ಎದೆ ಪರೀಕ್ಷೆ ಮಾಡಿ, ಹೊರಗೆ ಕರೆದು ನನಗೆ ಹೇಳಿದಳು: "ಇಷ್ಟು ನೀರು ಇವರ ಹೃದಯ ತಡೆಯೋದಿಲ್ಲ. ದಿನಕ್ಕೆ ಒಂದು ತಂಬಿಗೆ, ಮೇಲೆ ಒಂದು ಗುಟುಕೂ ಬೇಡ." ಒಂದು ತಂಬಿಗೆಯಲ್ಲಿ ಎರಡು ನೀರಡಿಕೆ ಹೇಗೆ ತಣಿಯಬೇಕು. ಕುಡಿದರೆ ಎದೆ ನಿಲ್ಲುತ್ತದೆ, ಕುಡಿಯದಿದ್ದರೆ ತಲೆ ಕೆಡುತ್ತದೆ. ಅವನದನ್ನು ಅವನಿಗೆ ಕೊಡದಿದ್ದರೆ ಅಕ್ಕ ಈ ಬೇಸಗೆ ದಾಟುವುದಿಲ್ಲ. ಅಷ್ಟು ಖಚಿತವಾಗಿತ್ತು. ಅಕ್ಕ ಮೂರು ದಿನ ತಂಬಿಗೆಯ ಲೆಕ್ಕ ಹಿಡಿದಳು. ನಾಲ್ಕನೆಯ ದಿನ ನೀಲವ್ವ ದನಗಳ ತೊಟ್ಟಿಯ ಹತ್ತಿರ ಅವಳನ್ನು ಕಂಡು, ತೋಳು ಹಿಡಿದು ಎಬ್ಬಿಸಿ ತಂದಳು. ಆ ಸಂಜೆ ಅಕ್ಕ ನನ್ನ ಮುಖ ನೋಡದೆ, "ನನ್ನ ಕರ್ಕೊಂಡು ನಡಿ ತಮ್ಮಾ" ಎಂದಳು.

ಬಯಲಿಗೆ ಸಿದ್ಧವಾಗುವುದು ನನಗೆ ಪೂಜೆಗೆ ಸಿದ್ಧವಾದ ಹಾಗೆಯೇ. ಮನಸ್ಸು ಎಲ್ಲೋ ಇಟ್ಟು ಮಾಡಿದರೆ ಫಲವಿಲ್ಲ. ಹಿಂದಿನ ದಿನವೇ ಅಕ್ಕನಿಗೆ ಅಂಬಲಿ, ಮಜ್ಜಿಗೆ, ಉಪ್ಪು ಕೊಟ್ಟೆವು, ಚಹಾ ಮಾತ್ರ ಬಂದ್. ಗಾಲಿಯ ಗಾಳಿಯನ್ನು ತಂಪು ಹೊತ್ತಿನಲ್ಲಿ ನೋಡಬೇಕು, ಬಿಸಿಯಾದ ಮೇಲೆ ಅದು ಸುಳ್ಳು ಹೇಳುತ್ತದೆ. ಸೀಟಿಗೆ ಕಂಬಳಿ ಮಡಿಸಿ ಹಾಕಿ, ಟ್ಯಾಂಕಿಗೆ ಒದ್ದೆ ಗೋಣಿ ಕಟ್ಟಿದೆ. ಬೆಳಗ್ಗೆ ಅಕ್ಕನಿಗೆ ಒಳಗೆ ತೆಳ್ಳನೆಯ ಹತ್ತಿ ಅಂಗಿಯನ್ನು ನೀರಲ್ಲಿ ಅದ್ದಿ ಹಿಂಡಿ ತೊಡಿಸಿ, ಮೇಲೆ ನನ್ನ ಹಳೆಯ ಉದ್ದ ತೋಳಿನ ದಪ್ಪ ಅಂಗಿ ಹಾಕಿಸಿದಳು ನೀಲವ್ವ. ಕೊರಳಿಗೆ ಒದ್ದೆ ಟವೆಲ್, ಹೆಲ್ಮೆಟ್ಟಿನ ಒಳಗೆ ಒದ್ದೆ ಅರಿವೆ, ಕೈಗೆ ಗವುಸು. ಬರೀ ಮೈಗೆ ಗಾಳಿ ತಾಗಿದರೆ ತಂಪೆಂದು ಹೊಸಬರು ತಿಳಿಯುತ್ತಾರೆ. ಬಯಲಿನ ಗಾಳಿ ಒಲೆಯ ಬಾಯಿಯ ಗಾಳಿ, ಬರೀ ಚರ್ಮವನ್ನು ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಒಣಗಿಸುತ್ತದೆ. ಜೋರಾಗಿ ಹೋದಷ್ಟೂ ಉರಿ ಹೆಚ್ಚು.

"ನೋಡು, ನಿಮ್ಮಕ್ಕ ಪೊಲೀಸ್ ಆದ್ಲು" ಎಂದಳು ನೀಲವ್ವ. ಅಕ್ಕ ನಕ್ಕಳು. ಆಮೇಲೆ ನೀಲವ್ವ ಲೋಟ ತುಂಬಿ ಅಕ್ಕನ ಮುಂದೆ ಹಿಡಿದಳು. "ನಿಂದು ನನ್ನ ಹತ್ರ ಇಟ್ಟು ಹೋಗು. ಅವ್ರದು ಒಂದನ್ನ ಹೊತ್ಕೊಂಡು ಹೋದ್ರ ಸಾಕು. ದಾರ್ಯಾಗ ಅಷ್ಟರ ಹಗುರ ಆಗ್ತೈತಿ."

"ನಿನ್ನ ಗಂಡಂದೂ ನಿನ್ನ ಹತ್ರನ ಇರ್ತೈತಿ. ನಿಂದೂ ಸೇರಿ ಮೂರು ಆಗ್ತಾವ."

"ಬಾವಿ ಬತ್ತಿದ್ರ ನನ್ನ ಬೈಬ್ಯಾಡ್ರಿ, ಅಷ್ಟ ಸಾಕು."

ಅಕ್ಕ ಅರ್ಧ ಕುಡಿದಳು, ನೀಲವ್ವ ಉಳಿದದ್ದನ್ನು ಕುಡಿದಳು. ನನ್ನದನ್ನೂ ಹಾಗೆಯೇ ತೆಗೆದುಕೊಂಡಳು. ಅಕ್ಕ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಅಲುಗಾಡದೆ ಕೂತು, ಒಳಗೆ ಏನನ್ನೋ ಹುಡುಕುವವಳ ಹಾಗೆ ಕಣ್ಣು ಕಿರಿದು ಮಾಡಿದಳು. "ಗುರಾ," ಎಂದಳು. "ನಂದು ಹೋತು. ಆದ್ರ ಏನೂ ಕಡಿಮಿ ಆದಂಗ ಆಗಿಲ್ಲ. ಇಷ್ಟು ವರ್ಷ ನಂದು ಭಾಳ ಐತಿ ಅಂತ ತಿಳಿದಿದ್ದೆ. ಇದ್ದದ್ದೆಲ್ಲ ಅವ್ರದ ಆಗಿತ್ತು ನೋಡು. ನಂದು ಇಷ್ಟ ಇಷ್ಟು ಇತ್ತು." ಹೆಬ್ಬೆರಳನ್ನು ಕಿರುಬೆರಳ ತುದಿಗೆ ಇಟ್ಟು ತೋರಿಸಿದಳು.

ಬಯಲಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೊದಲ ಗುಪ್ಪೆಯ ತನಕ ಮನುಷ್ಯ ಮಾತಾಡುತ್ತಾನೆ, ಆಮೇಲೆ ಶಿವನಾಮ, ಆಮೇಲೆ ಅದೂ ಇಲ್ಲ. ಅಕ್ಕನ ಹೆಲ್ಮೆಟ್ಟು ನನ್ನ ಬೆನ್ನಿಗೆ ತಾಗಿಕೊಂಡಿತ್ತು. ನಮ್ಮಿಬ್ಬರ ನಡುವೆ ತಾಮ್ರದ ಕೊಡ, ಅದಕ್ಕೆ ಸುತ್ತಿದ ಒದ್ದೆ ಬಟ್ಟೆ. ಅವಳು ಗುಪ್ಪೆಗೆ ಕಾಯುತ್ತಿರಲಿಲ್ಲ. ಗಾಡಿ ಓಡುತ್ತಿರುವಾಗಲೇ ಕೊಡ ಬಾಗುವುದು ನನ್ನ ಸೊಂಟಕ್ಕೆ ಗೊತ್ತಾಗುತ್ತಿತ್ತು. ಪ್ರತಿ ಗುಪ್ಪೆಯಲ್ಲಿ ಇಳಿಸಿ, ಅಂಗಿಯ ಮೇಲೆ ನೀರು ಹೊಯ್ದು, ಉಪ್ಪಿನ ಉಂಡೆ ಕೊಟ್ಟೆ. ಪಾದ ಬೂಟಿನಲ್ಲಿ ಹಿಡಿಸದೆ ಅರಿವೆ ಸುತ್ತಿದ್ದೆವು, ಅದನ್ನೂ ತೋಯಿಸಿದೆ. "ಕಡಿಮಿ ಕುಡಿ ಯಕ್ಕಾ, ಡಾಕ್ಟರಮ್ಮ ಏನಂದಾಳ" ಎಂದರೆ, "ಅಕಿಗೆ ಇವ್ರ ನೀರಡಿಕಿ ಗೊತ್ತಿಲ್ಲ" ಎಂದಳು. ಉಸಿರು ಕಿತ್ತು ಬರುತ್ತಿತ್ತು. ನನಗೆ ಬಾಯಿ ಒಣಗಿದ ಅರಿವೂ ಇಲ್ಲದೆ ಅಳತೆಯಲ್ಲಿ ಕುಡಿದು ಗಾಡಿ ಹೊಡೆಯುತ್ತಿದ್ದೆ. ಅಷ್ಟು ಹತ್ತಿರದಲ್ಲಿ ಕೂತೂ ಅವಳ ಉರಿಯ ಒಂದು ಕಿಡಿ ನನಗೆ ತಾಗಲಿಲ್ಲ. ಅಷ್ಟೊಂದು ಸುಖವಾಗಿ ಗಾಡಿ ಹೊಡೆಯುತ್ತಿದ್ದೇನೆಂದು ನಾಚಿಕೆಯಾಯಿತು. ಅದೇ ಸುಖದಲ್ಲಿ ಅವನು ಹತ್ತು ವರ್ಷ ಇದ್ದಾನೆ ಎಂಬುದು ಹೊಳೆದು, ನಾಚಿಕೆ ಸಿಟ್ಟಾಯಿತು.

ಕಲ್ಮೇಶನ ಅಂಗಳ ಊರಿಗೆ ಹೋಗುವ ಮೊದಲೇ ಸಿಗುತ್ತದೆ. ದೂರ ದೂರದ ಊರುಗಳಿಂದ ದೊಡ್ಡ ಗಾಡಿ ತಂದು, ಬಯಲಿನಲ್ಲಿ ಓಡಿಸಿ, ಫೋಟೊ ತೆಗೆಸಿಕೊಂಡು ಹೋಗುವವರು ಈಗೀಗ ಬಹಳ. ಅವರಿಗೆ ಬಿಸಿಲಿನಲ್ಲಿ ಗಾಡಿ ಹೊಡೆಯುವುದನ್ನು ಕಲಿಸುವುದು ಅವನ ಕೆಲಸ. ಬಿಸಿಲು ಮಾಸ್ತರ ಎಂದು ಬೋರ್ಡು ಹಾಕಿದ್ದ. ನಾವು ಹೋದಾಗ ನೆತ್ತಿಯ ಮೇಲೆ ಬಿಸಿಲಿತ್ತು. ತಗಡಿನ ನೆರಳಿನಲ್ಲಿ ಕಲಿಯಲು ಬಂದವರು ಒದ್ದೆ ಕರವಸ್ತ್ರ ಹಾಕಿಕೊಂಡು ಕೂತಿದ್ದರು. ಅವನು ಮಾತ್ರ ಬಿಸಿಲಿನಲ್ಲಿ ನಿಂತಿದ್ದ. ಮೈ ತುಂಬಿಕೊಂಡಿದ್ದ, ತುಟಿ ಒಡೆದಿರಲಿಲ್ಲ.

"ಒಳಗಿನ ಅಂಗಿ ಒದ್ದಿ ಇರ್ಲಿ, ಮ್ಯಾಲಿನದು ಮುಚ್ಚಿರ್ಲಿ," ಎನ್ನುತ್ತಿದ್ದ. ನಮ್ಮಪ್ಪ ನನಗೂ ಅವನಿಗೂ ಒಟ್ಟಿಗೆ ಹೇಳಿಕೊಟ್ಟ ಮಾತು. "ಗಂಟಿ ಹೊಡೆದಾಗ ಕುಡೀರಿ, ಬೇಕು ಅನಿಸಿದಾಗ ಅಲ್ಲ. ಉಳಿದದ್ದು ಇಲ್ಲಿ ಐತಿ." ಹಣೆ ಮುಟ್ಟಿಕೊಂಡ. "ನೀರಡಿಕಿ ಅನ್ನೂದು ಮನಸ್ಸಿನ ಆಟ. ಗೆದ್ರ ಆತು. ನಾ ಗೆದ್ದು ಹತ್ತು ವರ್ಷ ಆತು."

ನನ್ನ ಬೆನ್ನ ಹಿಂದೆ ಅಕ್ಕ ಕೊಡದಲ್ಲಿ ಉಳಿದಿದ್ದ ಕೊನೆಯ ಗುಟುಕು ಕುಡಿಯುತ್ತಿದ್ದಳು. ಅದರ ಸದ್ದು ಆ ಅಂಗಳದಲ್ಲಿ ಎಲ್ಲರಿಗೂ ಕೇಳಿಸಿತು. ಅವನು ತಿರುಗಿ ನೋಡಿದ. ಮೊದಲು ನನ್ನನ್ನು, ಆಮೇಲೆ ಹೆಲ್ಮೆಟ್ ತೆಗೆಯುತ್ತಿದ್ದ ಹೆಂಗಸನ್ನು. ಗುರುತು ಹಿಡಿಯಲು ಅವನಿಗೆ ಹೊತ್ತು ಬೇಕಾಯಿತು. ಅಷ್ಟು ಬಾತಿದ್ದಳು.

ಕಲಿಯುವವರಿಗೆ ಕೈ ಸನ್ನೆ ಮಾಡಿ, ನಮ್ಮನ್ನು ಮನೆಯ ಪಡಸಾಲೆಗೆ ಕರೆದೊಯ್ದ. ಒಳಗಿನಿಂದ ಅವನ ಮನೆಯಾಕೆ ಸುನಂದಾ ಬಂದಳು. ಅಕ್ಕನಿಗಿಂತ ಚಿಕ್ಕವಳು, ಮುಖದಲ್ಲಿ ಕಪಟವಿಲ್ಲದವಳು. "ನಮ್ಮ ಊರ ಕಡೆಯವ್ರು," ಎಂದ ಕಲ್ಮೇಶ. ಸುನಂದಾ ಚರಿಗೆ ತಂದಳು. ಅಕ್ಕ ಕುಡಿದಳು. ಇನ್ನೊಂದು ತಂದಳು, ಅಕ್ಕ ಕುಡಿದಳು. ಸುನಂದಾ ಬಿಂದಿಗೆಯನ್ನೇ ಎತ್ತಿ ತಂದು ಪಕ್ಕದಲ್ಲಿಟ್ಟು, ಅಕ್ಕನ ಎದುರು ಕೂತಳು.

"ಎಷ್ಟು ನೀರಡಿಸಿ ಬಂದೀರಿ, ಯವ್ವಾ. ಕುಡೀರಿ. ನನಗ ಯಾರರ ಹಿಂಗ ಬೇಡಿ ಬೇಡಿ ಕುಡಿದ್ರ ಛಲೋ ಅನಸ್ತೈತಿ. ನಮ್ಮ ಮನಿಯವ್ರು ಮದುವ್ಯಾದಾಗಿಂದ ಒಂದ್ ಸಲನೂ ನೀರು ಕೊಡು ಅಂದಿಲ್ಲ ನೋಡ್ರಿ. ಗಂಟಿ ಹೊಡೀತೇನಿ, ಕುಡೀತಾರ. ಗಿಡಕ್ಕ ಹಾಕಿದಂಗ."

ಅಕ್ಕ ಚರಿಗೆ ಕೆಳಗಿಟ್ಟು ಅವಳನ್ನೇ ನೋಡಿದಳು. ಆ ನೋಟದಲ್ಲಿ ಹಗೆ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಮೇಲೆ ಗಂಡನ ಕಡೆ ತಿರುಗಿ, "ನಿಮ್ಮದು ತಂದೀನಿ," ಎಂದಳು. "ಈ ಬ್ಯಾಸಗಿ ದಾಟಾಕ ಆಗೂದಿಲ್ಲಂತ ನನಗ. ತಗೊಂಡ್ಬಿಡ್ರಿ."

ಕಲ್ಮೇಶ ಬಾಗಿಲ ಕಡೆ ನೋಡಿದ. "ಈ ಬ್ಯಾಸಗಿ ಒಂದು ಮುಗೀಲಿ ಶಾವಿ. ಹೊರಗ ನೋಡಿದ್ಯಲ್ಲ, ಎಷ್ಟು ಮಂದಿ ಬಂದಾರ. ದೀಪಾವಳಿಗೆ ನಾನ ಬಂದು ಇಸ್ಕೊಂತೇನಿ."

"ಹೋದ ವರ್ಷದ ದೀಪಾವಳಿ ಇನ್ನೂ ನನ್ನ ಹತ್ರ ಐತ್ರಿ ಮಾಮಾ," ಎಂದೆ ನಾನು. "ಅದರ ಹಿಂದಿನದೂ ಐತಿ. ಯಾವುದು ಬೇಕು ಹೇಳ್ರಿ, ತಂದು ಕೊಡ್ತೇನಿ."

"ನೀ ಸುಮ್ನಿರು ಗುರಾ," ಎಂದಳು ಅಕ್ಕ.

ಸುನಂದಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಆಚೆ ಊರಿನಲ್ಲಿ ಈ ಪದ್ಧತಿಯಿಲ್ಲ. "ಏನು ತಂದೀರಿ? ನೀವು ಇವ್ರಿಗೆ ಏನಾಗ್ಬೇಕ್ರಿ?" ಎಂದು ಕೇಳಿದಳು.

ಹೆಂಡತಿ ಎಂದು ಅಕ್ಕ ಹೇಳುತ್ತಾಳೆಂದು ನಾನು ಉಸಿರು ಹಿಡಿದೆ. ಅವನೂ ಹಿಡಿದಿದ್ದ. ಅಕ್ಕ ಕೊರಳ ಟವೆಲ್ಲಿನಿಂದ ಬಾಯಿ ಒರೆಸಿಕೊಂಡಳು. "ನಾ ಇವ್ರ ಸಾಮಾನು ಇಟ್ಕೊಂಡಾಕಿ, ತಂಗಿ. ಬಯಲಿಗೆ ಹೋಗೂಮುಂದ ನೀರಡಿಕಿ ನನ್ನ ಹತ್ರ ಇಟ್ಟು ಬಂದಿದ್ರು. ಮರ್ತು ಇಲ್ಲೇ ಉಳಿದ್ರು."

ಸುನಂದಾ ಬಿಂದಿಗೆಯನ್ನು ನೋಡಿದಳು. ಅದು ಅರ್ಧಕ್ಕಿಂತ ಕೆಳಗಿಳಿದಿತ್ತು. ಅಕ್ಕನ ಬಾತ ಕಾಲು ನೋಡಿದಳು. ಗೋಡೆಯ ಮೊಳೆಗೆ ನೇತುಹಾಕಿದ್ದ ಹಿತ್ತಾಳೆ ಗಂಟೆಯನ್ನು ನೋಡಿದಳು. ಇನ್ನೇನನ್ನೂ ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಒಳಗೆ ಹೋಗಿ ಒಂದು ಲೋಟ ತಂದು, ತುಂಬಿ, ಅಕ್ಕನ ಮುಂದೆ ಇಟ್ಟಳು. "ಹೆಂಗ ಕೊಡ್ತಾರ ಇದನ್ನ?"

ಅಕ್ಕ ಅರ್ಧ ಕುಡಿದು ಲೋಟವನ್ನು ಅವನ ಮುಂದೆ ಇಟ್ಟಳು.

"ನಿನಗ ತಿಳಿಯೂದಿಲ್ಲ ಸುನಂದಾ," ಎಂದ ಕಲ್ಮೇಶ. ಅವನ ದನಿ ಮೊದಲ ಸಲ ಒಣಗಿತು. "ಇದನ್ನ ಕುಡಿದ್ರ ನಾಳಿಂದ ನಾನೂ ಅವ್ರಂಗ ನೆರಳಾಗ ಕುಂದ್ರಬೇಕು. ಈ ಅಂಗಳದಾಗ ಯಾರೂ ಇರೂದಿಲ್ಲ."

"ನಾ ಇರ್ತೇನಲ್ರಿ," ಎಂದಳು ಅವಳು.

ಅವನು ಬಹಳ ಹೊತ್ತು ಲೋಟ ನೋಡುತ್ತ ಕೂತಿದ್ದ. ಅಕ್ಕ ಬೇಡಲಿಲ್ಲ, ಸುನಂದಾ ಬೇಡಲಿಲ್ಲ. ಹೊರಗೆ ಯಾರೋ ಮಾಸ್ತರ ಎಂದು ಕರೆದರು. ಅವನು ಏಳಲಿಲ್ಲ. ನಾನು ಮನಸ್ಸಿನಲ್ಲಿ ಬಸವಣ್ಣನನ್ನು ನೆನೆದೆ. ಆದರೆ ನೆನೆದದ್ದು ಅಕ್ಕನ ಒಳಿತಿಗೋ ಅವನ ಕೆಡುಕಿಗೋ ನನಗೆ ಈಗಲೂ ಗೊತ್ತಿಲ್ಲ. ಕೊನೆಗೆ ಅವನು ಲೋಟ ಎತ್ತಿ ಕುಡಿದ. ಕುಡಿದು ಕೆಳಗಿಟ್ಟು, ಕಣ್ಣು ಮುಚ್ಚಿದ. ಗಂಟಲಿನ ಮೂಳೆ ಮೇಲೆ ಕೆಳಗೆ ಆಡಿತು. ಹತ್ತು ಬೇಸಗೆ ಒಮ್ಮೆಗೇ ಬಂದು ಕೂತದ್ದನ್ನು ಅವನ ಮುಖದಲ್ಲಿ ಕಂಡೆ.

"ನೀರು ಕೊಡು," ಎಂದ. ಅಕ್ಕನ ಕೈ ತಾನಾಗಿಯೇ ಬಿಂದಿಗೆಯ ಕಡೆ ಚಾಚಿತು. "ಸುನಂದಾ, ನೀರು ಕೊಡು."

ಸುನಂದಾ ಕೊಟ್ಟಳು. ಕೊಡುವಾಗ ಅವಳ ಕಣ್ಣು ತುಂಬಿ, ತುಟಿಯಲ್ಲಿ ಮಾತ್ರ ತಡೆಯಲಾರದ ಒಂದು ಬೆಳಕು ಮೂಡಿತು. ಅಕ್ಕ ಅದನ್ನು ನೋಡಿದಳು. ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, ಮತ್ತೊಂದು ಕೈಯಿಂದ ಮುಚ್ಚಿಟ್ಟಳು.

ಆ ರಾತ್ರಿ ಅಲ್ಲಿಯ ಮಠದ ಜಗುಲಿಯಲ್ಲಿ ಮಲಗಿ, ಬೆಳಗ್ಗೆ ನೆಲ ಬಿಗಿದ ಮೇಲೆ ಹೊರಟೆವು. ಹೊರಡುವ ಮೊದಲು ಅಕ್ಕ ತಾಮ್ರದ ಕೊಡವನ್ನು ಸುನಂದಾಳ ಬಾಗಿಲಿನಲ್ಲಿ ಇಟ್ಟು ಬಂದಳು. "ಅವ್ರಿಗೆ ಚರಿಗಿ ಸಾಲೂದಿಲ್ಲ. ಸಂಜೀಮುಂದ ಇದರ ತುಂಬ ಬೇಕಾಗ್ತೈತಿ," ಎಂದು ಹೇಳಿದಳಂತೆ.

ಬರುವಾಗ ಅಕ್ಕನಲ್ಲಿ ಯಾರ ನೀರಡಿಕೆಯೂ ಇರಲಿಲ್ಲ. ನನ್ನಲ್ಲೂ ಇರಲಿಲ್ಲ. ಹೋಗುವಾಗಿನ ಹಾಗೆಯೇ ಒದ್ದೆ ಅಂಗಿ ತೊಡಿಸಿದೆ, ಕೊರಳಿಗೆ ಟವೆಲ್ ಸುತ್ತಿದೆ, ಗುಪ್ಪೆ ಗುಪ್ಪೆಗೂ ಇಳಿಸಿ ಕುಡಿಸಿದೆ. ಅಳತೆಯಲ್ಲಿ ಕುಡಿದಳು. ಡಾಕ್ಟರಮ್ಮ ನೋಡಿದ್ದರೆ ಮೆಚ್ಚುತ್ತಿದ್ದಳು. ಆದರೆ ಅರ್ಧ ದಾರಿಯ ದೊಡ್ಡ ಗುಪ್ಪೆಯಲ್ಲಿ ಇಳಿದವಳು, ಕಲ್ಲಿಗೆ ಒರಗಿ ಕೂತ ಮೇಲೆ ಏಳಲಿಲ್ಲ. ನಾನು ಚೀಲ ಹಿಡಿದೆ. ಬೇಡವೆಂದು ತಲೆಯಾಡಿಸಿದಳು.

"ಎಷ್ಟು ಹಗುರ ಆಗೇತಿ ತಮ್ಮಾ. ಒಳಗ ಯಾರೂ ಇಲ್ಲ. ಇಲ್ಲೇ ಕುಂತ್ರ ಆತು ಅನಸ್ತೈತಿ. ನೀ ನಡಿ."

ಅವಳ ಮುಖದಲ್ಲಿ ಕಷ್ಟದ ಕುರುಹೇ ಇರಲಿಲ್ಲ. ಆ ಮುಖವನ್ನು ನಾನು ಬಲ್ಲೆ. ಇದೇ ಗುಪ್ಪೆಯಲ್ಲಿ, ತುಂಬಿದ ಚೀಲದ ಪಕ್ಕ, ಅಂಥ ಮುಖಗಳ ಮೇಲೆ ನಾನೇ ಬಟ್ಟೆ ಹೊದಿಸಿದ್ದೇನೆ. ಬೈದೆ. ದೇವರ ಆಣೆ ಹಾಕಿದೆ. ತೋಳು ಹಿಡಿದು ಎಳೆದೆ. ಅವಳು ಮಗುವಿನ ಮೊಂಡುತನವನ್ನು ಸಹಿಸುವ ಹಾಗೆ ನನ್ನನ್ನು ನೋಡಿದಳು. ಬಿಸಿಲು ಏರುತ್ತಿತ್ತು. ಅವಳ ಅಂಗಿ ಆರಿ ಗರಿಗರಿಯಾಗಿತ್ತು. ನಾನೂ ಅವಳ ಪಕ್ಕ ಕೂತೆ. ಬೇರೇನೂ ತೋಚಲಿಲ್ಲ.

"ಯಕ್ಕಾ," ಎಂದೆ ಕೊನೆಗೆ, "ನೀಲಾನ ಹತ್ರ ಇಬ್ಬರದು ಐತಿ. ನಿಂದು, ನಂದು. ಈಗ ಒಂದು ಆರಿ ಹೋದ್ರ ಅಕಿ ಲೋಟ ಕೆಳಗಿಡ್ತಾಳ. ಹೋದದ್ದು ಯಾರ್ದು ಅಂತ ಅಕಿಗೆ ಹೆಂಗ ತಿಳೀಬೇಕು? ನಾ ಮನಿ ಮುಟ್ಟೂತನ ಅಕಿ ಯಾರಿಗಂತ ಅಳಬೇಕು?"

ಅಕ್ಕ ಊರಿನ ದಿಕ್ಕಿಗೆ ಮುಖ ತಿರುಗಿಸಿದಳು. ದೂರದಲ್ಲಿ ಹೂತ ಲಾರಿಯೊಂದರ ಟಪ್ಪ ಮಿಂಚುತ್ತಿತ್ತು. "ಹೌದಲ್ಲ," ಎಂದಳು. "ಲೋಟದ ಮುಂದ ಕುಂತು ನೋಡ್ಕೊಳ್ಳೂದು ಭಾಳ ಕೆಟ್ಟ." ಚೀಲ ಇಸಿದುಕೊಂಡು, ಒಂದಿಷ್ಟೂ ಮನಸ್ಸಿಲ್ಲದೆ, ಔಷಧಿ ಕುಡಿಯುವವರ ಹಾಗೆ ಮುಖ ಹಿಂಡಿ ಕುಡಿದಳು. ಉಪ್ಪಿನ ಉಂಡೆಗೆ ತಾನೇ ಕೈ ಒಡ್ಡಿದಳು. ಅಲ್ಲಿಂದ ಊರಿನ ತನಕ ಅವಳ ಹೆಲ್ಮೆಟ್ಟು ನನ್ನ ಬೆನ್ನಿಗೆ ತಾಗಲಿಲ್ಲ. ನೆಟ್ಟಗೆ ಕೂತಿದ್ದಳು.

ಇಳಿಹೊತ್ತಿಗೆ ಮನೆ ಮುಟ್ಟಿದೆವು. ನೀಲವ್ವ ಅಂಗಳದಲ್ಲಿ ಕೊಡಗಳ ನಡುವೆ ಕೂತಿದ್ದಳು. ಸೆರಗೆಲ್ಲ ತೊಯ್ದಿತ್ತು, ತುಟಿ ಒಡೆದಿತ್ತು, ಕಣ್ಣ ಸುತ್ತ ಕಪ್ಪು. ನಮ್ಮ ಗಾಡಿಯ ಸದ್ದಿಗೆ ಎದ್ದವಳು ನಮ್ಮಿಬ್ಬರನ್ನೂ ಒಂದೊಂದು ಸಲ ಮುಟ್ಟಿ ನೋಡಿದಳು. ಏನಾಯಿತು, ಅವನು ತೆಗೆದುಕೊಂಡನೋ ಇಲ್ಲವೋ ಎಂದು ಕೇಳಲಿಲ್ಲ. ಅಕ್ಕನ ಕೈಯಲ್ಲಿ ಕೊಡ ಇರಲಿಲ್ಲ, ಅದನ್ನು ನೋಡಿದಳು.

"ನಂದು ಇನ್ನೊಂದಿಷ್ಟು ದಿನ ನಿನ್ನ ಹತ್ರನ ಇರ್ಲಿ ನೀಲಾ," ಎಂದಳು ಅಕ್ಕ, ಜಗುಲಿಗೆ ಕೂತು ಕಾಲಿನ ಅರಿವೆ ಬಿಚ್ಚುತ್ತ. "ನನಗ ಅದ್ರ ಗೊಡವಿ ಬ್ಯಾಡ ಅನಸೇತಿ."

 ನೀಲವ್ವ ಬಾವಿಗೆ ಹೋಗಿ ಹೊಸ ನೀರು ಸೇದಿದಳು. ಬಸವಣ್ಣನ ತಲೆಗೆ ಒಂದು ಬೊಗಸೆ ಹಾಕಿ, ಸಣ್ಣ ಲೋಟವೊಂದನ್ನು ತುಂಬಿ ತಂದಳು. ಮೂರು ನೀರಡಿಕೆಯ ಬಾಯಿಗೆ ಆ ಲೋಟ ಏನಕ್ಕೂ ಸಾಲದು. ಆದರೂ ಅರ್ಧಕ್ಕೆ ಸರಿಯಾಗಿ ತಡೆದು, ಉಳಿದದ್ದನ್ನು ಅಕ್ಕನ ಮುಂದೆ ಹಿಡಿದು ನಿಂತಳು. ಉಳಿದ ನೀರಿನ ಮೇಲೇ ಅವಳ ಕಣ್ಣಿತ್ತು. ಅಕ್ಕ ಆ ಕಣ್ಣನ್ನು ನೋಡಿದಳು, ಒಡೆದ ತುಟಿಯನ್ನು ನೋಡಿದಳು. ಆಮೇಲೆ ಅರಿವೆಯನ್ನು ಪಕ್ಕಕ್ಕೆ ಇಟ್ಟು, ಎರಡೂ ಕೈ ಚಾಚಿ ಲೋಟ ಇಸಿದುಕೊಂಡಳು.